ಬೆಟ್ಟದ ಮೇಲೆ ನೀರು ಎಲ್ಲಿಂದ ಬರುತ್ತಿತ್ತು?

ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಜಿಲ್ಲಾವಾರು ಪಟ್ಟಿ ಹಾಕುತ್ತವಲ್ಲ, ಅದರಲ್ಲಿ ತುಮಕೂರಿಗೊಂದು ಸಾಲು, ಮಧುಗಿರಿಗೊಂದು ಸಾಲು ಇರುತ್ತದೆ. ಗೋಡೆಗೆ ನೇತುಹಾಕಿದ ಕರ್ನಾಟಕದ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಮಧುಗಿರಿ ಎಂಬ ಜಿಲ್ಲೆ ಸಿಗುವುದಿಲ್ಲ. ಏಳನೇ ತರಗತಿಯ ನನ್ನ ಮಗನಿಗೆ ಇದೊಂದು ತಕರಾರು. ಶಿರಸಿ, ಚಿಕ್ಕೋಡಿಗಳ ಹಾಗೆ ಇದೂ ಶೈಕ್ಷಣಿಕ ಜಿಲ್ಲೆ ಕಣೋ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿಸಿ ಶಿಕ್ಷಣ ಇಲಾಖೆಯವರು ಮಾಡಿಕೊಂಡ ಲೆಕ್ಕ ಎಂದೆ. ಕಂದಾಯದವರಿಗೂ ಇದೇ ನಾಲ್ಕು ಸೇರಿ ಒಂದು ಉಪವಿಭಾಗ. ನಿಜವಾದ ಜಿಲ್ಲೆಯೇ ಆಗಲಿ ಎಂದು ಅಲ್ಲಿನವರು ಬಹುಕಾಲದಿಂದ ಕೇಳುತ್ತಲೇ ಇದ್ದಾರೆ. "ಹಾಗಾದ್ರೆ ದಸರಾ ರಜೇಲಿ ಆ ಇಲ್ಲದಿರೋ ಜಿಲ್ಲೆ ನೋಡ್ಕೊಂಡು ಬರೋಣ" ಎಂದ. ರಜೆ ಸಿಕ್ಕಿದರೆ ಮೈಸೂರಿಗೋ ಹಂಪಿಗೋ ಓಡುವ ತುಮಕೂರಿನ ನಮಗೆ ಪಕ್ಕದ ಈ ಬೆಟ್ಟಗಳು ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ನೋಟ, ಅಷ್ಟೇ. ಅವನ ಮಾತು ನನಗೂ ಹಿಡಿಸಿತು.

ಈ ಸೀಮೆಗೆ ಹೋಗುವುದಿದ್ದರೆ ಅಕ್ಟೋಬರಿನಲ್ಲೇ ಹೋಗಬೇಕು. ಜೂನ್, ಜುಲೈಯಲ್ಲಿ ಇಲ್ಲಿ ಗಾಳಿ ಬೀಸುವುದೇ ಹೆಚ್ಚು. ಕೆರೆಗೆ ನಾಲ್ಕು ಹನಿ ಬರುವುದು ಹಸ್ತ, ಚಿತ್ತೆ ಮಳೆಗಳಲ್ಲಿ. ನಾವು ಹೋದಾಗ ಹಿಂದಿನ ವಾರ ಚೆನ್ನಾಗಿ ಸುರಿದಿತ್ತು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ವರ್ಷದ ಬಹುಪಾಲು ಬರೀ ಮರಳಾಗಿ ಮಲಗಿರುವ ನದಿ, ಸೇತುವೆಯ ಕೆಳಗೆ ಕೆಂಪಗೆ ಹರಿಯುತ್ತಿತ್ತು. ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು. ರಸ್ತೆ ಬದಿಯಲ್ಲಿ ಸೀತಾಫಲದ ಗುಡ್ಡೆಗಳು. ಬಂಡೆ ಬೆಟ್ಟಗಳ ಸಂದಿಯಲ್ಲೆಲ್ಲ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವ ಹಣ್ಣಿದು. ಕೊರಟಗೆರೆಗೆ ಮುಂಚೆ ಗೋಣಿಚೀಲ ಹಾಸಿಕೊಂಡು ಕೂತಿದ್ದ ಹೆಂಗಸೊಬ್ಬಳು, ಕಣ್ಣು ಬಿಟ್ಟ ಹಣ್ಣು ಯಾವುದು, ಬಿಡದ್ದು ಯಾವುದು ಎಂದು ಮಗನ ಕೈಯಲ್ಲೇ ಮುಟ್ಟಿಸಿ ತೋರಿಸಿದಳು. "ಇವತ್ತಿಗೆ ಇದು, ನಾಳೆಗೆ ಇದು, ನಾಳಿದ್ದಿಗೆ ಇದು" ಎಂದು ವಿಂಗಡಿಸಿ ಚೀಲಕ್ಕೆ ಹಾಕಿದಳು. ಹೇಳಿದಂತೆಯೇ ಹಣ್ಣಾದವು.

ಕೊರಟಗೆರೆಯಲ್ಲಿ ಕೋಟೆ ಕೇಳಿದರೆ ಜನ ಕೈತೋರಿಸುವುದು ಮನೆಗಳ ಕಡೆಗೆ. ಹೊಳವನಹಳ್ಳಿಯ ಪಾಳೆಯಗಾರರ ವಂಶದ ರಣಬೈರೇಗೌಡ ಕಟ್ಟಿಸಿದ ಊರು ಇದು. ಕೋಟೆಯನ್ನು ಟಿಪ್ಪು ಸುಲ್ತಾನ ಕೆಡವಿಸಿದ. ಉಳಿದದ್ದನ್ನು ಊರು ಬೆಳೆದು ನುಂಗಿದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೊರವನಹಳ್ಳಿಯ ಮಹಾಲಕ್ಷ್ಮಿಯ ಕಡೆಗೆ ಹೋಗುವ ವಾಹನಗಳ ಸಾಲು ಬಿಟ್ಟು ಸಿದ್ಧರಬೆಟ್ಟದ ದಾರಿ ಹಿಡಿದೆವು. ಗಿಡಮೂಲಿಕೆಗೆ ಹೆಸರಾದ ಬೆಟ್ಟ, ಮೇಲೆ ಗುಹೆಯೊಳಗೆ ಸಿದ್ಧೇಶ್ವರ. ಮೆಟ್ಟಿಲು ಹತ್ತಿ, ತಲೆ ತಗ್ಗಿಸಿ ಬಂಡೆಗಳ ಸಂದಿಗೆ ಇಳಿದರೆ ಒಳಗೆ ಕತ್ತಲೆ, ತಣ್ಣಗಿನ ಕಲ್ಲು, ಎಲ್ಲಿಂದಲೋ ಜಿನುಗುವ ನೀರು. ಬೊಗಸೆಯಲ್ಲಿ ಹಿಡಿದು ಕುಡಿದ ಮಗ ಅಲ್ಲೇ ಕೇಳಿದ: "ಅಮ್ಮ, ಕೆಳಗೆ ಬೋರ್‌ವೆಲ್ ಸಾವಿರ ಅಡಿ ಕೊರೆದ್ರೂ ನೀರಿಲ್ಲ ಅಂತಾರೆ, ಇಷ್ಟು ಮೇಲೆ ಎಲ್ಲಿಂದ ಬರುತ್ತೆ?" ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ಬಿಸಿಲು ತಾಗದ ಕಡೆ ನಿಂತು, ನಿಧಾನವಾಗಿ ಸೋರುತ್ತದೆ ಎಂದೆ. ಅರ್ಧ ಒಪ್ಪಿಕೊಂಡ. ಆಮೇಲೆ ಹೋದಲ್ಲೆಲ್ಲ ಅವನದು ಇದೇ ಪ್ರಶ್ನೆ. ನಾನು ರಾಜರ ಕಥೆ ತೆಗೆದರೆ ಅವನು ನೀರಿನ ಲೆಕ್ಕ ಕೇಳುತ್ತಿದ್ದ.

ಆ ಪ್ರಶ್ನೆ ಇಟ್ಟುಕೊಂಡು ನೋಡಿದ್ದು ಒಳ್ಳೆಯದೇ ಆಯಿತು. ಈ ನಾಲ್ಕು ತಾಲ್ಲೂಕಿನ ಇತಿಹಾಸಕ್ಕೆ ಅದಕ್ಕಿಂತ ಸರಿಯಾದ ಬೀಗದ ಕೈ ಇಲ್ಲ.

ಮಧುಗಿರಿಗೆ ಸಂಜೆ ತಲುಪಿದೆವು. ಊರಿನ ಯಾವ ಬೀದಿಯಲ್ಲಿ ನಿಂತರೂ ತಲೆಯ ಮೇಲೆ ಆ ಬಂಡೆ ಇರುತ್ತದೆ, ಮಂಡಿಯೂರಿ ಕೂತ ಆನೆಯ ಬೆನ್ನಿನಂತೆ. ಎತ್ತರ 3,930 ಅಡಿ. ಏಷ್ಯಾದ ಎರಡನೇ ಅತಿದೊಡ್ಡ ಏಕಶಿಲಾ ಬೆಟ್ಟ ಎಂದು ಎಲ್ಲರೂ ಹೇಳುತ್ತಾರೆ. ಮೊದಲನೆಯದು ಮಾಗಡಿಯ ಸಾವನದುರ್ಗವಂತೆ. ಅಳೆದವರು ಯಾರೋ, ಮೂರನೆಯದು ಎಲ್ಲಿದೆಯೋ ಕೇಳಬಾರದು. ಮದ್ದಗಿರಿ ಎಂದಿದ್ದ ಹೆಸರು ಮಧುಗಿರಿಯಾದದ್ದು 1927ರಲ್ಲಿ. ಹಳೆಯ ಮಂದಿ ಈಗಲೂ ಮದ್ದಗಿರಿ ಎಂದೇ ಅನ್ನುತ್ತಾರೆ. ಅಕ್ಕಪಕ್ಕದಲ್ಲೇ ನಿಂತ ವೆಂಕಟರಮಣ, ಮಲ್ಲೇಶ್ವರ ಗುಡಿಗಳನ್ನು ನೋಡಿ, ದಂಡಿನ ಮಾರಮ್ಮನಿಗೆ ಕೈಮುಗಿದು ಬೇಗ ಮಲಗಿದೆವು.

ಬೆಳಕು ಹರಿಯುವ ಮುಂಚೆ ಹತ್ತಲು ಶುರು ಮಾಡಿದೆವು. ಮೊದಮೊದಲು ಸಲೀಸು. ಕೋಟೆಯ ಬಾಗಿಲುಗಳು ಒಂದರ ಹಿಂದೊಂದು ಬರುತ್ತವೆ, ಪ್ರತಿ ಬಾಗಿಲ ಹಿಂದೆಯೂ ದಾರಿ ತಿರುಚಿಕೊಳ್ಳುತ್ತದೆ. ಬಾಗಿಲು ಒಡೆದು ಒಳನುಗ್ಗಿದವನಿಗೆ ಎದುರು ಸಿಗುವುದು ಗೋಡೆ, ಮೇಲಿನಿಂದ ಬೀಳುವುದು ಕಲ್ಲು. ಮಗನಿಗೆ ಇದು ಮೊಬೈಲ್ ಆಟದ ಹಂತಗಳ ಹಾಗೆ ತಟ್ಟನೆ ಅರ್ಥವಾಯಿತು. ಅಲ್ಲಿಂದ ಮೇಲೆ ಮೆಟ್ಟಿಲು ಮುಗಿದು ಬಂಡೆಯೇ ದಾರಿಯಾಗುತ್ತದೆ. ಕಲ್ಲಿನಲ್ಲಿ ಪಾದದ ಅಗಲಕ್ಕೆ ಕಡಿದ ಗುಳಿಗಳು, ಕೆಲವೆಡೆ ಹಿಡಿಯಲು ಕಬ್ಬಿಣದ ಕಂಬಿ. ಗುಳಿಗಳ ಅಂಚು ಸವೆದು ನುಣುಪಾಗಿದೆ, ಹಿಂದಿನ ವಾರದ ಮಳೆನೀರು ಕೆಲವದರಲ್ಲಿ ನಿಂತಿತ್ತು. ನಾನು ಕಂಬಿ ಬಿಡದೆ, ಕೆಳಗೆ ನೋಡದೆ, ಒಂದೊಂದೇ ಹೆಜ್ಜೆ ಇಡುತ್ತಿದ್ದರೆ ಅವನು ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿಯಾಡಿದ. "ಅಂಗಾಲು ಕಲ್ಲನ್ನ ಹಿಡ್ಕೊಳ್ಳುತ್ತೆ ಅಮ್ಮ, ಷೂ ಬಿಚ್ಚು" ಎಂದು ಉಪದೇಶ ಬೇರೆ.

ಈ ಕೋಟೆಯ ಹುಟ್ಟಿನ ಕಥೆಯೇ ನೀರಿನದು. ಹಿರೇಗೌಡನೆಂಬ ಪಾಳೆಯಗಾರನ ಕಾಲದಲ್ಲಿ ತಪ್ಪಿಸಿಕೊಂಡು ಬೆಟ್ಟ ಹತ್ತಿದ ಕುರಿಯೊಂದು ಮೈಯೆಲ್ಲ ಒದ್ದೆ ಮಾಡಿಕೊಂಡು ಇಳಿದು ಬಂತಂತೆ. ಹಾಗಾದರೆ ಮೇಲೆ ನೀರಿದೆ ಎಂದು ಗೊತ್ತಾಗಿ, ನೀರಿರುವ ಕಡೆ ಕೋಟೆ ಕಟ್ಟಿದರು. ಮೊದಲು ಮಣ್ಣಿನ ಕೋಟೆ. 1678ರಲ್ಲಿ ಮೈಸೂರಿನ ದಂಡು ಬಂದು ಗೌಡರಿಂದ ಕಿತ್ತುಕೊಂಡಿತು. ಕಲ್ಲಿನಲ್ಲಿ ಬಲಪಡಿಸಿದವನು ಹೈದರಾಲಿ. ಈಗಲೂ ಹತ್ತುವ ದಾರಿಯಲ್ಲಿ ದೊಣೆಗಳು ಸಿಗುತ್ತವೆ. ಬಂಡೆಯ ತಗ್ಗಿನಲ್ಲಿ ಹಸಿರು ನೀರು, ಬದಿಯಲ್ಲಿ ಮನುಷ್ಯರ ಕೈ ಕಟ್ಟಿದ ಒಡ್ಡು. ಬಂಡೆಯ ಮೇಲೆ ಬಿದ್ದ ಮಳೆ ಎಲ್ಲಿ ಹರಿಯುತ್ತದೆಂದು ನೋಡಿ, ಅಲ್ಲಿಗೊಂದು ಕಾಲುವೆ ಕಡಿದು, ದೊಣೆಗೆ ತಿರುಗಿಸಿದ್ದಾರೆ. ಒಂದು ಕಡೆ ಮಗ ಹೊಟ್ಟೆ ಕೆಳಗೆ ಮಾಡಿ ಮಲಗಿ ಆ ಕಾಲುವೆಯ ಗೀಟನ್ನು ಬೆರಳಲ್ಲಿ ಹಿಂಬಾಲಿಸಿದ. ಎರಡು ಬೆರಳಷ್ಟು ಆಳ, ಓರೆಯಾಗಿ ಹೋಗಿ, ಒಂದು ಬಿರುಕು ಅಡ್ಡ ಬಂದಲ್ಲಿ ಅದನ್ನು ತಪ್ಪಿಸಿ ಸುತ್ತಿ ಹೋಗುತ್ತದೆ. ಬಿರುಕಿಗೆ ಸೇರಿದರೆ ನೀರು ಬೆಟ್ಟದ ಹೊಟ್ಟೆಗೆ ಹೋಗುತ್ತದೆ ಎಂದು ಆ ಕಲ್ಲುಕುಟಿಗನಿಗೆ ಗೊತ್ತಿತ್ತು. ಅವನ ಹೆಸರನ್ನು ಯಾವ ಶಾಸನವೂ ಬರೆದಿಟ್ಟಿಲ್ಲ.

ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ದವಸ ತುಂಬಿಡುತ್ತಿದ್ದ ಕಣಜಗಳ ಗೋಡೆಗಳು, ಗೋಡೆಗಳ ಮೇಲೆಲ್ಲ ಪ್ರೇಮಿಗಳ ಹೆಸರು. ಸುತ್ತ ಕೆರೆಗಳು ತುಂಬಿ ಹೊಳೆಯುತ್ತಿದ್ದವು. ಅಲ್ಲಿ ಕೂತು ಸೀತಾಫಲ ತಿನ್ನುತ್ತ ನಾನು ವೀರಮ್ಮಾಜಿಯ ಕಥೆ ಹೇಳಿದೆ.

ಕೆಳದಿಯ ರಾಣಿ ಚೆನ್ನಮ್ಮ ಎಲ್ಲರಿಗೂ ಗೊತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಅದೇ ಮನೆತನದ ಕೊನೆಯ ರಾಣಿ ವೀರಮ್ಮಾಜಿಯ ಹೆಸರು ಶಾಲೆಯಲ್ಲಿ ಯಾರೂ ಬಾಯಿಪಾಠ ಮಾಡಿಸುವುದಿಲ್ಲ, ಏಕೆಂದರೆ ಅವಳು ಸೋತಳು. 1763ರ ಜನವರಿಯಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರಿನ ಮೇಲೆ ಬಂದ. ಹಣ ಕೊಟ್ಟು ಹಿಂದಿರುಗಿಸಲು ನೋಡಿದಳು, ಮೊತ್ತ ಏರಿಸುತ್ತ ಹೋದಳು, ಅವನು ಒಪ್ಪಲಿಲ್ಲ. ಕೊನೆಗೆ ಅರಮನೆಗೆ ಬೆಂಕಿ ಹಚ್ಚಿಸಿ ದತ್ತುಮಗ ಸೋಮಶೇಖರನೊಂದಿಗೆ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಅಲ್ಲಿ ಸೆರೆಸಿಕ್ಕಳು. ತಾಯಿ ಮಗ ಇಬ್ಬರನ್ನೂ ತಂದು ಇಟ್ಟದ್ದು ಈ ಬಂಡೆಯ ಮೇಲೆ. ಬಿದನೂರು ಹೈದರನಗರವಾಯಿತು, ಈಗ ನಮ್ಮ ಬಾಯಲ್ಲಿ ಬರೀ ನಗರ. ಅಲ್ಲಿ ಸಿಕ್ಕಿದ ಸಂಪತ್ತಿನಿಂದಲೇ ತಾನು ದೊಡ್ಡವನಾದೆನೆಂದು ಹೈದರನೇ ಹೇಳಿಕೊಳ್ಳುತ್ತಿದ್ದನಂತೆ.

ನಗರದ ಪಕ್ಕದ ಹುಲಿಕಲ್ಲಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇಲ್ಲಿ 600 ದಾಟಿದರೆ ಒಳ್ಳೆಯ ವರ್ಷ. ಜಡಿಮಳೆ, ಹಲಸು, ಅಡಿಕೆ ತೋಟ, ಮನೆಬಾಗಿಲಲ್ಲಿ ಹರಿಯುವ ಹಳ್ಳ ಇವುಗಳ ನಡುವೆ ಬದುಕಿದ ಹೆಂಗಸು ನಾಲ್ಕು ವರ್ಷ ಈ ಬೋಳು ಕಲ್ಲಿನ ಮೇಲೆ ಕಳೆದಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಬಂಡೆ ಹೇಗೆ ಕಾಯುತ್ತದೆ ಎಂದು ಮಧುಗಿರಿಯವರನ್ನು ಕೇಳಬೇಕು. ರಾತ್ರಿಯಾದರೂ ಆರುವುದಿಲ್ಲ. "ಅವ್ರಿಗೆ ಸ್ನಾನಕ್ಕೆ ನೀರು ಯಾರು ತರ್ತಿದ್ರು?" ಎಂದ ಮಗ. ಯಾರು ತಂದಿರುತ್ತಾರೆ, ಕೆಳಗಿನ ಊರಿನ ಯಾರೋ ಹೊತ್ತಿರುತ್ತಾರೆ, ಅಥವಾ ಆ ದೊಣೆಯದೇ ನೀರು. "ಆ ಹುಡುಗ ಏನಾಟ ಆಡ್ತಿದ್ದ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಚರಿತ್ರೆಯ ಪುಸ್ತಕದಲ್ಲೂ ಇರಲಾರದು. ಅವನು ಎದ್ದು ಹೋಗಿ ಕಣಜದ ಗೋಡೆಯ ಹಿಂದೆ ಸ್ವಲ್ಪ ಹೊತ್ತು ಏನೋ ಹುಡುಕುತ್ತಿದ್ದ, ನಾನು ಕೇಳಲಿಲ್ಲ.

1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಮಧುಗಿರಿ ಹಿಡಿದು ಇಬ್ಬರನ್ನೂ ಬಿಡಿಸಿತು. ಪುಣೆಗೆ ಕಳಿಸಿದರು. ಅಲ್ಲಿ ತಲುಪುವ ಮುಂಚೆಯೇ ವೀರಮ್ಮಾಜಿ ತೀರಿಕೊಂಡಳು ಎನ್ನುತ್ತಾರೆ. ಏಳೇ ವರ್ಷಕ್ಕೆ, 1774ರಲ್ಲಿ, ಟಿಪ್ಪು ಮತ್ತೆ ಬೆಟ್ಟವನ್ನು ಮೈಸೂರಿಗೆ ತಂದ. ಹೀಗೆ ಕೈಯಿಂದ ಕೈಗೆ ದಾಟಿದ ಕೋಟೆ ಇಂದು ಕೇಂದ್ರದ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಅಷ್ಟೆಲ್ಲ ಬಾಗಿಲು ದಾಟಿ ತುದಿ ತಲುಪಿದರೂ ವೀರಮ್ಮಾಜಿಯ ಹೆಸರಿನ ಒಂದು ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಒಂದು ಇರಬೇಕು.

ಮಧುಗಿರಿಯಿಂದ ಪಾವಗಡದ ದಾರಿ ವಿಚಿತ್ರ. ಮಿಡಿಗೇಶಿಯ ಕೋಟೆಬೆಟ್ಟ ಹಿಂದೆ ಸರಿದ ಮೇಲೆ ರಸ್ತೆ ಆಂಧ್ರದೊಳಗೆ ನುಗ್ಗುತ್ತದೆ, ಬೋರ್ಡುಗಳು ತೆಲುಗಾಗುತ್ತವೆ, ಮತ್ತೆ ಕರ್ನಾಟಕ ಬರುತ್ತದೆ. ಪಾವಗಡ ಮೂರು ಕಡೆ ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ರಾಜ್ಯ ಹಂಚಿಕೊಂಡಾಗ ಪೆನುಕೊಂಡ, ಮಡಕಶಿರಾಗಳ ಸೀಮೆ ನಿಜಾಮನ ಪಾಲಾಯಿತು. ಮರುವರ್ಷವೇ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ, ಅದು ಮದ್ರಾಸಿಗೆ ಸೇರಿತು. ಪಾವಗಡ ಮಾತ್ರ ಮೈಸೂರಿನಲ್ಲೇ ಉಳಿಯಿತು. ಎರಡು ಶತಮಾನದ ಹಿಂದೆ ಯಾರೋ ಎಳೆದ ಗೆರೆ, ಇವತ್ತಿಗೂ ತುಮಕೂರಿನ ಆಸ್ಪತ್ರೆಗೆ ಬರುವ ಪಾವಗಡದ ರೋಗಿ ಪರರಾಜ್ಯ ದಾಟಿ ಬರುತ್ತಾನೆ. ಗೆರೆ ಮನುಷ್ಯರ ನಾಲಿಗೆಗೆ ತಾಗಿಲ್ಲ. ದಾರಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ನನ್ನೊಂದಿಗೆ ಕನ್ನಡ, ಸೊಸೆಯೊಂದಿಗೆ ತೆಲುಗು, ಮೇಕೆಯೊಂದಿಗೆ ಎರಡೂ ಆಡಿದರು. ಮಗನ ಜೇಬು ತುಂಬ ಹಸಿ ಕಡಲೆಕಾಯಿ ತುರುಕಿ, "ಈ ಸಲ ಕಾಳು ಕಟ್ಟೈತೆ ನಾಯನಾ, ತಿನ್ನು" ಎಂದರು.

ಪಾವಗಡದ ಊರಿಗೆ ಊರೇ ಶನಿಮಹಾತ್ಮನದು. ಶನಿವಾರ ಹೋಗಬೇಡಿ, ಅಥವಾ ಜಂಗುಳಿಗೆ ಸಿದ್ಧರಾಗಿ ಹೋಗಿ. ಗುಡಿಯ ಮೂಲದಲ್ಲಿ ಇರುವುದು ಶೀತಲಾಂಬೆ; ಬರ ಬಿದ್ದಾಗ ಮಳೆ ಬರಲೆಂದು ಅವಳನ್ನು ಪ್ರತಿಷ್ಠಾಪಿಸಿದರು ಎಂಬುದು ಸ್ಥಳಪುರಾಣ. ಇಲ್ಲಿ ದೇವರೂ ನೀರಿನ ಕೆಲಸಕ್ಕೇ ಬಂದವರು. ಊರ ಬೆನ್ನಿಗೆ ಕೋಟೆಬೆಟ್ಟ. ಬಾಲಪ್ಪನಾಯಕನ ಮನೆತನದ್ದು, ಆಮೇಲೆ ಹೈದರನದು. ಬುಡದಲ್ಲಿ ಕೋಟೆ ಆಂಜನೇಯ. ಮಧುಗಿರಿ ಹತ್ತಿದ ಕಾಲುಗಳು ಇನ್ನೂ ನೋಯುತ್ತಿದ್ದುದರಿಂದ ಅರ್ಧಕ್ಕೇ ಸಾಕೆಂದೆವು. ಅಲ್ಲಿಂದ ನೋಡಿದರೆ ಊರಿನಲ್ಲಿ ನೀಲಿ ಪ್ಲಾಸ್ಟಿಕ್ ಕ್ಯಾನುಗಳು ಹೇರಿಕೊಂಡ ಬೈಕುಗಳು ಓಡಾಡುತ್ತಿದ್ದವು. ಈ ತಾಲ್ಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದಾಗಿ, ಬೆನ್ನು ಬಗ್ಗಿ ನಡೆಯುವವರನ್ನು ಹಳ್ಳಿಗಳಲ್ಲಿ ಈಗಲೂ ನೋಡಬಹುದು. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ, ಮನೆಮನೆಗೆ ಕ್ಯಾನು. ಕೋಟೆ ಕಟ್ಟಿದವರು ಮಳೆನೀರು ಹಿಡಿದು ಕುಡಿದರು. ನಾವು ನೆಲ ಕೊರೆದು, ಕೆಟ್ಟದ್ದು ತೆಗೆದು, ಶೋಧಿಸಿ, ದುಡ್ಡು ಕೊಟ್ಟು ಕುಡಿಯುತ್ತಿದ್ದೇವೆ.

ಇದೇ ತಾಲ್ಲೂಕಿನ ನಿಡಗಲ್ಲಿಗೆ ಹೋಗುವವರು ಕಡಿಮೆ. ನನಗೆ ಈ ಇಡೀ ಸುತ್ತಾಟದಲ್ಲಿ ಮಧುಗಿರಿ ಬಿಟ್ಟರೆ ಇದೇ ಇಷ್ಟವಾದ ಜಾಗ. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಜನ ಬಿಟ್ಟುಹೋದ ಹಳೆಯ ಪಟ್ಟಣ. ಗುಡಿಗಳು, ಗೋಡೆಗಳು, ಮುಳ್ಳುಕಂಟಿ, ಕುರಿಕಾಯುವ ಒಬ್ಬಿಬ್ಬರು. ಪಕ್ಕದ ಆಂಧ್ರದ ಹೇಮಾವತಿ, ಆಗಿನ ಹೆಂಜೇರು, ಮತ್ತು ಈ ದುರ್ಗದಿಂದ ಆಳಿದ ನಿಡಗಲ್ಲ ಚೋಳರು ಚಾಲುಕ್ಯರ ಸಾಮಂತರಾಗಿ, ಆಮೇಲೆ ಸ್ವತಂತ್ರರಾಗಿ ಮೆರೆದವರು. ಇರುಂಗೋಳ ಎಂಬ ಹೆಸರು ಈ ವಂಶದಲ್ಲಿ ಮತ್ತೆ ಮತ್ತೆ ಬರುತ್ತದೆ. 13ನೇ ಶತಮಾನದಲ್ಲಿ ಇಲ್ಲಿ ಜೈನ ಬಸದಿಯೂ ಎದ್ದಿತ್ತು. ಅದೇ ಶತಮಾನದ ಕೊನೆಗೆ ಹೊಯ್ಸಳ ಮೂರನೇ ನರಸಿಂಹ ದಂಡೆತ್ತಿ ಬಂದ. ಈ ಅರಸರ ಬಿರುದುಗಳಲ್ಲಿ ಒಂದು, ಒರೆಯೂರು ಪುರವರಾಧೀಶ್ವರ. ಒರೆಯೂರು ಇರುವುದು ತಿರುಚಿರಾಪಳ್ಳಿಯ ಹತ್ತಿರ, ಕಾವೇರಿಯ ದಂಡೆಯಲ್ಲಿ. ಕರಿಕಾಲ ಚೋಳನ ವಂಶದವರು ನಾವು ಎಂದು ಇವರ ಹೆಮ್ಮೆ. ಮಳೆ ಕೈಕೊಡುವ ಈ ಕಲ್ಲುಕಣಿವೆಯಲ್ಲಿ ಕೂತು ಕಾವೇರಿ ತೀರದ ಒಡೆಯನೆಂದು ಕಲ್ಲಿನಲ್ಲಿ ಕೊರೆಸಿಕೊಳ್ಳಲು ಎದೆ ಬೇಕು. "ಅವ್ರು ಯಾವತ್ತಾದ್ರೂ ಅಲ್ಲಿಗೆ ಹೋಗಿದ್ರಾ?" ಎಂದು ಮಗ ಕೇಳಿದ. ಅಮೆರಿಕದಲ್ಲಿ ಹುಟ್ಟಿ ಹೆಸರಿನ ಮುಂದೆ ತಾತನ ಊರು ಹಾಕಿಕೊಳ್ಳುವ ನಮ್ಮ ನೆಂಟರ ಮಕ್ಕಳು ನೆನಪಾದರು.

ತಿರುಮಣಿ ಕಡೆ ಹೋದದ್ದು ಸೋಲಾರ್ ಪಾರ್ಕ್ ನೋಡಲೆಂದು. ಇದನ್ನು ಐತಿಹಾಸಿಕ ಸ್ಥಳ ಎಂದರೆ ಯಾರಾದರೂ ನಗಬಹುದು. ಇನ್ನು ಇನ್ನೂರು ವರ್ಷಕ್ಕೆ ಅದೂ ಆಗುತ್ತದೆ. ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಉದ್ಘಾಟನೆಯಾಗಿ ಮರುವರ್ಷದ ಕೊನೆಗೆ ಪೂರ್ತಿಯಾಯಿತು. ವಿಶೇಷವೆಂದರೆ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸಾಲ ಕೊಯ್ಯುತ್ತಿದ್ದ ರೈತನಿಗೆ ಅದು ಕೆಟ್ಟ ವ್ಯವಹಾರವಲ್ಲ. ಆದರೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ, ಸ್ವಂತ ನೆಲವಿಲ್ಲದವನಿಗೆ ಬಾಡಿಗೆ ಬರುವುದಿಲ್ಲ, ಕೆಲಸವೂ ಹೋಯಿತು. ಬೇಲಿಯಾಚೆ ಕಪ್ಪು ಫಲಕಗಳು ಕಣ್ಣು ಹಾಯುವಷ್ಟು ದೂರ ಒಂದೇ ದಿಕ್ಕಿಗೆ ಬಾಗಿ ನಿಂತಿದ್ದವು. ಮಗನ ಪ್ರಶ್ನೆ ನನಗೆ ಮುಂಚೆಯೇ ಗೊತ್ತಿತ್ತು: "ಇದನ್ನ ತೊಳೆಯೋಕೆ ನೀರು?" ಧೂಳು ಕೂತರೆ ಕರೆಂಟು ಕಮ್ಮಿಯಾಗುತ್ತದೆ, ತೊಳೆಯಲೇಬೇಕು, ನೀರಿಲ್ಲದೆ ಒರೆಸುವ ಯಂತ್ರಗಳೂ ಬಂದಿವೆ.

ಶಿರಾ ನಮಗೆ ಹೆದ್ದಾರಿಯ ಊರು, ಬಸ್ಸು ನಿಂತರೆ ಕಾಫಿ ಕುಡಿಯುವ ಜಾಗ. ಅದು ಒಂದು ಕಾಲಕ್ಕೆ ಮೈಸೂರನ್ನೇ ಕಪ್ಪ ಕೇಳುತ್ತಿದ್ದ ರಾಜಧಾನಿ ಎಂದರೆ ಮಗ ನಂಬಲಿಲ್ಲ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕ ಕೋಟೆ ಶುರು ಮಾಡಿದ. ಮುಗಿಯುವ ಮುಂಚೆಯೇ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬಂದು ಹಿಡಿದ. ಬಿಜಾಪುರ ಮೊಗಲರಿಗೆ ಬಿದ್ದ ಮೇಲೆ, 1687ರಿಂದ, ಶಿರಾ ಕರ್ನಾಟಕದ ಮೊಗಲ್ ಸುಭಾದ ರಾಜಧಾನಿ. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡ, ಬಸವಾಪಟ್ಟಣ, ಬೂದಿಹಾಳ ಎಲ್ಲ ಇದರ ಪರಗಣಗಳು. ಚಿತ್ರದುರ್ಗ, ಬಿದನೂರು, ಮೈಸೂರು ಕಪ್ಪ ಕೊಡುವವರ ಪಟ್ಟಿಯಲ್ಲಿ. ಮೊದಲ ಸುಬೇದಾರ ಖಾಸಿಂ ಖಾನ್ ಅದೇ ವರ್ಷ ಬೆಂಗಳೂರನ್ನು ಹಿಡಿದು ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಿದ. ಇದಾದ ಮುಕ್ಕಾಲು ಶತಮಾನಕ್ಕೆ, 1761ರಲ್ಲಿ, ನಿಜಾಮನ ತಮ್ಮ ಬಸಾಲತ್ ಜಂಗ್ ಹೈದರಾಲಿಗೆ ಶಿರಾದ ನವಾಬಗಿರಿ ಮಾರಿದ. ಬೆಲೆ ಅದೇ 3 ಲಕ್ಷ. ಆಗ ಶಿರಾ ಇದ್ದದ್ದು ಮರಾಠರ ಕೈಯಲ್ಲಿ. ಮಾರಿದವನ ಬಳಿ ಊರಿರಲಿಲ್ಲ, ಕೊಂಡವನ ಬಳಿಯೂ ಇರಲಿಲ್ಲ, ವ್ಯಾಪಾರ ನಡೆಯಿತು. ಆಮೇಲೆ ಹೈದರ್ ಹೋಗಿ ಊರು ಗೆದ್ದುಕೊಂಡ. ಮಗ ನಕ್ಕದ್ದು ನಿಲ್ಲಲೇ ಇಲ್ಲ. ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಈ ಕಥೆಯಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ವೀರಮ್ಮಾಜಿಯ ಬಿಡುಗಡೆಯ ಎಳೆಯೂ ಇಲ್ಲೇ ಇದೆ. ಶಿರಾ ಕಾಯಲು ಹೈದರ್ ಇಟ್ಟಿದ್ದು ತನ್ನ ಭಾವಮೈದುನ ಮೀರ್ ಸಾಹೇಬನನ್ನು. ಪೇಶ್ವೆ ಬಂದಾಗ ಅವನು ಆ ಕಡೆ ಸೇರಿಕೊಂಡ. ಶಿರಾ ಕೈಗೆ ಬಂದ ಮೇಲೆಯೇ ಮರಾಠರು ಮಧುಗಿರಿಯ ಕಡೆ ತಿರುಗಿದ್ದು.

ಆ ವೈಭವದಲ್ಲಿ ಉಳಿದದ್ದು ಕಂದಕ, ಕೋಟೆಗೋಡೆಯ ಭಾಗಗಳು, 1696ರ ಜುಮ್ಮಾ ಮಸೀದಿ, 1651ರ ಮಲಿಕ್ ರಿಹಾನ್ ದರ್ಗಾ. ಮಸೀದಿ ಪೂರಾ ಕಡೆದ ಕಲ್ಲಿನದು. ದರ್ಗಾದ ಒಳಗೆ ಗೋರಿಯ ಮೇಲೆ ಹಸಿರು ಚಾದರ, ಅಂದೇ ಕೊಯ್ದ ಸೇವಂತಿಗೆ. ನೋಡಿಕೊಳ್ಳುತ್ತಿದ್ದ ಹಿರಿಯರು ನವಿಲುಗರಿಯಿಂದ ಮಗನ ತಲೆ ಮುಟ್ಟಿ, ಏನು ಓದುತ್ತೀಯ ಎಂದು ವಿಚಾರಿಸಿ, ಕಲ್ಲುಸಕ್ಕರೆ ಕೊಟ್ಟರು. ಸುಬೇದಾರ ದಿಲಾವರ್ ಖಾನನ ಅರಮನೆ ಮಾತ್ರ ಮಣ್ಣುಪಾಲು. ಅದನ್ನೇ ಮಾದರಿಯಾಗಿಟ್ಟುಕೊಂಡು ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರು ಎನ್ನುತ್ತಾರೆ. ಇಲ್ಲಿನ ಖಾನ್ ಬಾಗ್ ನೋಡಿ ಹೈದರನಿಗೆ ಲಾಲ್‌ಬಾಗಿನ ಆಸೆ ಹುಟ್ಟಿತೆಂದೂ ಹೇಳುತ್ತಾರೆ. ನಕಲುಗಳು ನಿಂತಿವೆ, ಮೂಲ ಬಿದ್ದಿದೆ. ಊರು ಬಡವಾಗಲು ಇನ್ನೊಂದು ಕಾರಣವೂ ಇದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಮನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಕರೆದೊಯ್ದ. ನೇಕಾರರು, ಕಮ್ಮಾರರು, ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಬರಗಾಲದ ಸೀಮೆಯಿಂದ ಕಾವೇರಿಯ ದ್ವೀಪಕ್ಕೆ ಹೊರಟ ಆ ದಿನವನ್ನು ನಾನು ವರ್ಣಿಸಲು ಹೊರಟರೆ ಮಗ ತಡೆದ. "ಅಲ್ಲಿ ನೀರಿತ್ತಲ್ಲ ಅಮ್ಮ, ಕೆಲವ್ರಿಗೆ ಖುಷೀನೂ ಆಗಿರುತ್ತೆ." ಇರಬಹುದು. ಈಗ ಶಿರಾದ ಕೆರೆಗೆ ಗೊರೂರಿನಿಂದ ಹೇಮಾವತಿ ನದಿಯ ನೀರು ನಾಲೆಯಲ್ಲಿ ಬರುತ್ತದೆ. 2020ರ ಉಪಚುನಾವಣೆಯಲ್ಲಿ ಇಲ್ಲಿನ ದೊಡ್ಡ ಭರವಸೆಯೇ ಮದಲೂರು ಕೆರೆ ತುಂಬಿಸುವುದು. ಸುಬೇದಾರನಾಗಲಿ ಶಾಸಕನಾಗಲಿ, ಈ ಸೀಮೆಯಲ್ಲಿ ಕೇಳುವುದು ಅದೊಂದೇ.

ವಾಪಸು ಬರುವಾಗ ಹೆದ್ದಾರಿ ಬಿಟ್ಟು ಸೀಬಿಯಲ್ಲಿ ನಿಂತೆವು. ಟಿಪ್ಪುವಿನ ಆಸ್ಥಾನದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮೂವರು ಮಕ್ಕಳು, ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ, ಕಟ್ಟಿಸಿದ ನರಸಿಂಹನ ಗುಡಿ. ಮಂಟಪದ ಸೂರಿನ ತುಂಬ ಚಿತ್ರಗಳು: ಪುರಾಣದ ಪಟ್ಟಿಗಳು, ದರ್ಬಾರಿನ ದೃಶ್ಯಗಳು, ಮೀಸೆ ಹೊತ್ತ ಪೇಟಗಳ ಸಾಲು. ಕತ್ತು ನೋಯುವಷ್ಟು ಹೊತ್ತು ನೋಡಿದೆವು. ಕೆಲವೆಡೆ ಮಳೆನೀರು ಇಳಿದು ಬಣ್ಣ ತೊಳೆದುಹೋಗಿದೆ. ಬರದ ನಾಡಿನಲ್ಲಿ ಬೇಕಿಲ್ಲದ ಕಡೆ ಮಾತ್ರ ನೀರು ಸರಿಯಾಗಿ ತಲುಪುತ್ತದೆ.

ಹೋಗುವವರಿಗೆ ಒಂದೆರಡು ಮಾತು. ದಸರಾ ರಜೆಯಿಂದ ಸಂಕ್ರಾಂತಿವರೆಗೆ ಒಳ್ಳೆಯ ಕಾಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಮಧುಗಿರಿ ಬಂಡೆ ಒಣಗುವವರೆಗೆ ಹತ್ತಬೇಡಿ. ಹತ್ತು ವರ್ಷ ದಾಟಿದ ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಿರಿ, ಚಿಕ್ಕವರನ್ನು ಬೇಡ. ಶಿರಾದಲ್ಲಿ ದರ್ಗಾದ ದಾರಿ ಬೋರ್ಡಿನಲ್ಲಿ ಹುಡುಕದೆ ಜನರನ್ನು ಕೇಳಿ. ನಿಡಗಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿ ಹೋಟೆಲಿಲ್ಲ. ಮಧುಗಿರಿ ಬೆಟ್ಟದ ಮೇಲೆ ಅಂಗಡಿಯಿಲ್ಲ, ದೊಣೆಯ ನೀರು ಈಗ ಕುಡಿಯುವಂತಿಲ್ಲ. ತಲೆಗೆ ಎರಡು ಲೀಟರ್ ನೀರು ಹೊತ್ತುಕೊಳ್ಳಿ, ಖಾಲಿ ಬಾಟಲಿಯನ್ನು ಕೆಳಗೆ ತನ್ನಿ.